ತಾಯಣ್ಣ ನಿಲ್ಲಿಸಿದ ಎಣಿಕೆ

ತಾಯಣ್ಣನನ್ನು ಹಿರೇಕೊಟ್ನೆಕಲ್ಲಿನಲ್ಲಿ ಮಣ್ಣು ಮಾಡಿ ಬಂದ ಮೂರನೆಯ ದಿನ, ಅವನು ಹೇಗೆ ಸತ್ತನೆಂದು ತಿಳಿಸುವ ಕಾಗದವೊಂದು ವಾಹಿದಾಳ ಮೇಜಿನ ಮೇಲೆ ಬಂದು ಕೂತಿತು. ಟೈಪ್ ಮಾಡಿದ ಕಾಗದ. ಕೆಳಗೆ ಕಾಲೇಜಿನ ಮೊಹರು, ಅವಳ ಸಹಿಗೆ ಖಾಲಿ ಜಾಗ.

"ಸದರಿ ನೌಕರನು ಯಾರ ಆದೇಶವೂ ಇಲ್ಲದೆ, ತಾನಾಗಿಯೇ ಹಾಸ್ಟೆಲ್ಲಿನ ಶೌಚಗುಂಡಿಯ ಮುಚ್ಚಳ ತೆಗೆದು ಇಳಿಯಲು ಹೋಗಿ ಮೃತಪಟ್ಟಿರುತ್ತಾನೆ."

ವಾಹಿದಾ ಅದನ್ನು ಎರಡು ಸಲ ಓದಿದಳು. ರಾಯಚೂರಿನ ಆ ಖಾಸಗಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದವಳು. ಯಾವ ವಸ್ತುವೂ ತಾನಾಗಿಯೇ ಕದಲುವುದಿಲ್ಲ, ಯಾರೋ ನೂಕಬೇಕು ಎಂದು ಪ್ರತಿ ಜುಲೈ ತಿಂಗಳಲ್ಲಿ ಹೊಸ ಮಕ್ಕಳಿಗೆ ಹೇಳುತ್ತಿದ್ದವಳು. "ತಾನಾಗಿಯೇ" ಎಂಬ ಆ ಒಂದು ಶಬ್ದದ ಕೆಳಗೆ ಉಗುರಿನಿಂದ ಗೀರು ಎಳೆದಳು.

ಕಾಗದ ತಂದವನು ಆಫೀಸು ಸೂಪರಿಂಟೆಂಡೆಂಟ್ ಬಸವಲಿಂಗ. ಕ್ವಿಂಟಲ್ ತೂಕದ ಆಳು. ಮಹಡಿ ಹತ್ತಿ ಬಂದಿದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಒಂದ್ ಸಹಿ ಹಾಕಿಬಿಡ್ರಿ ಮೇಡಂ. ಲ್ಯಾಬಿನ ಉಸ್ತುವಾರಿ ನಿಮ್ದಲ್ರಿ. ಸೋಮವಾರ ವಿಚಾರಣಾ ಅಧಿಕಾರಿ ಬರ್ತಾರ."

"ನಾ ಅವತ್ತು ಇಲ್ಲಿದ್ದಿಲ್ರಿ. ದೇವದುರ್ಗದಾಗ ಪ್ರಾಕ್ಟಿಕಲ್ ಪರೀಕ್ಷಾಕ್ಕ ಹೋಗಿದ್ದೆ."

"ಅದಕ್ಕ ಹೇಳಾಕತ್ತೀನಿ. ನೀವೂ ನೋಡಿಲ್ಲ, ನಾವೂ ನೋಡಿಲ್ಲ. ಯಾರೂ ನೋಡದಿದ್ದದ್ದಕ್ಕ ತಾನಾಗಿಯೇ ಅಂತನ ಬರೀಬೇಕಾಗ್ತದ."

"ತಾಯಣ್ಣ ನನ್ನ ಕೇಳದ ಒಂದು ಸ್ವಿಚ್ಚೂ ಹಾಕ್ತಿದ್ದಿಲ್ಲ."

"ಸತ್ತವರು ಎಲ್ರೂ ಶರಣರ ಬಿಡ್ರಿ," ಎಂದು ನಕ್ಕ ಬಸವಲಿಂಗ. "ಅವನ ಹೆಂಡ್ತಿಗಿ ಹಾಸ್ಟೆಲ್ಲಿನಾಗ ಆಯಾ ಕೆಲ್ಸ ಕೊಡ್ರಿ ಅಂತ ಅಧ್ಯಕ್ಷರಿಗೆ ನಾನ ಹೇಳೀನಿ. ಈ ಕಾಗದ ಸುಸೂತ್ರ ಆದ್ರ ಅದೂ ಸುಸೂತ್ರ."

ಅದೇ ಹಾಸ್ಟೆಲ್ಲು. ಗಂಡ ಸತ್ತ ಗುಂಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಹೆಂಡತಿಗೆ ಪೊರಕೆ. ವಾಹಿದಾ ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ.

ತಾಯಣ್ಣ ಯಾರು ಎಂದು ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. "ಸದರಿ ನೌಕರ" ಅಷ್ಟೇ. ಆದ್ದರಿಂದ ಹೇಳಬೇಕಾಗಿದೆ.

ಅವನು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನ ಹೊರಗೇರಿಯಲ್ಲಿ. ಅಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲ, ಅವ್ವ ನಾಟಿ ಹಚ್ಚುವ ಕೂಲಿ. ಹತ್ತನೆಯ ತರಗತಿ ಮುಗಿಸಿದ ತಾಯಣ್ಣ ದೇವದುರ್ಗದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಸೇರಿದ. ಏಳು ವರ್ಷ ಅಲ್ಲಿ ಗಾಜು ಕತ್ತರಿಸಿದ. ವಜ್ರದ ಮೊನೆಯಿಂದ ಒಂದೇ ಗೀರು, ಹೆಬ್ಬೆರಳಿನಿಂದ ಒಂದು ಒತ್ತು, ಟಕ್ಕೆಂದು ನೇರವಾಗಿ ಮುರಿಯಬೇಕು. ಅವನ ಕೈಯಲ್ಲಿ ಅದು ಹಾಗೇ ಮುರಿಯುತ್ತಿತ್ತು. ದೇವರ ಪಟಗಳಿಗೆ ಗಾಜು ಕೂಡಿಸುವುದು, ಅಂಚಿಗೆ ಮೊಳೆ ಹೊಡೆಯುವುದು, ಒರೆಸುವುದು ಎಲ್ಲ ಅವನೇ. ಪಟವನ್ನು ಗಿರಾಕಿಯ ಕೈಗೆ ಕೊಡುವುದು ಮಾತ್ರ ಮಾಲಕ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ದೇವದುರ್ಗದಲ್ಲೇ ಗೋಪಮ್ಮನನ್ನು ಮದುವೆಯಾಗಿ, ಹೊರಗುತ್ತಿಗೆ ಏಜೆನ್ಸಿಯೊಂದರ ಮೂಲಕ ರಾಯಚೂರಿನ ಈ ಕಾಲೇಜಿಗೆ ಬಂದ. ಹತ್ತೊಂಬತ್ತು ವರ್ಷ ಭೌತಶಾಸ್ತ್ರದ ಲ್ಯಾಬ್ ನಡೆಸಿದ. ಆದರೆ ಏಜೆನ್ಸಿಯ ಕಾಗದದಲ್ಲಿ ಅವನ ಹುದ್ದೆ "ಸಹಾಯಕ (ಇತರೆ)". ಆ "ಇತರೆ"ಯೊಳಗೆ ಏನು ಬೇಕಾದರೂ ತುಂಬಬಹುದಿತ್ತು. ಕುರ್ಚಿ ಹೊರುವುದು, ಅಧ್ಯಕ್ಷರ ಮನೆಯ ಮದುವೆಗೆ ಹಂದರ ಕಟ್ಟುವುದು, ಸತ್ತ ನಾಯಿ ಎಳೆಯುವುದು. ತಾಯಣ್ಣ ಮಾಡುತ್ತಿದ್ದ, ಕೈ ತೊಳೆದುಕೊಂಡು ಮತ್ತೆ ಲ್ಯಾಬಿಗೆ ಬರುತ್ತಿದ್ದ. ಒಮ್ಮೆ ಮಾತ್ರ, ನಾಲ್ಕು ವರ್ಷದ ಹಿಂದೆ, ಮೋರಿಗೆ ಇಳಿ ಎಂದಾಗ "ಆ ಕೆಲ್ಸ ನಮ್ಮಜ್ಜನ ಕಾಲಕ್ಕ ಮುಗೀತ್ರಿ" ಎಂದು ನಿಂತಲ್ಲೇ ನಿಂತಿದ್ದ. ಅಂಥವನು ಈಗ ತಾನಾಗಿಯೇ ಇಳಿದನಂತೆ.

ಲ್ಯಾಬಿನ ಕಪಾಟಿನಲ್ಲಿ ಹನ್ನೊಂದು ವರ್ಷದಿಂದ ಬಿಚ್ಚದ ಪೆಟ್ಟಿಗೆಯೊಂದಿತ್ತು. ಒಳಗೆ ಕೆಂಪು ಬೆಳಕಿನ ಲೇಸರ್ ಕೊಳವೆ. ತಪಾಸಣೆ ಬಂದಾಗ ತೋರಿಸಲು ಕೊಂಡದ್ದು, ತೋರಿಸಿ ಒಳಗಿಟ್ಟದ್ದು. ಒಂದು ಬೇಸಿಗೆ ರಜೆಯಲ್ಲಿ ತಾಯಣ್ಣ ಅದನ್ನು ಹೊರತೆಗೆದ.

"ಇದರಿಂದ ಏನ್ ಮಾಡಬಹುದ್ರಿ ಮೇಡಂ?"

"ಅಳೀಬಹುದು."

"ಏನು?"

"ಕದಲಿದ್ದು. ಎಷ್ಟು ಸಣ್ಣಗ ಕದಲಿದ್ರೂ."

ವಾಹಿದಾ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಬೆಳಕನ್ನು ಒಂದು ಗಾಜಿನ ತುಂಡಿನಿಂದ ಎರಡು ಪಾಲು ಮಾಡಬೇಕು. ಒಂದು ಪಾಲು ಅಲುಗದ ಕನ್ನಡಿಗೆ ಹೋಗಿ ಬರುತ್ತದೆ, ಇನ್ನೊಂದು ಪಾಲು ಅಲುಗುವ ಕನ್ನಡಿಗೆ. ವಾಪಸು ಬಂದು ಎರಡೂ ಕೂಡಿದಾಗ, ಅಲೆಯ ಉಬ್ಬಿಗೆ ಉಬ್ಬು ಸೇರಿದರೆ ಬೆಳಕು, ಉಬ್ಬಿಗೆ ತಗ್ಗು ಸೇರಿದರೆ ಕತ್ತಲೆ. ಗೋಡೆಯ ಮೇಲೆ ಬೆಳಕು ಕತ್ತಲೆಯ ಪಟ್ಟಿಗಳು ಬೀಳುತ್ತವೆ. ಕನ್ನಡಿ ಬೆಳಕಿನ ಅರ್ಧ ಅಲೆಯಷ್ಟು ಸರಿದರೆ ಒಂದು ಪಟ್ಟಿ ದಾಟುತ್ತದೆ. ತಲೆಗೂದಲಿನ ದಪ್ಪವನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು. ಪಟ್ಟಿ ಎಣಿಸಿದರೆ ಕನ್ನಡಿ ಸರಿದ ದೂರ ಸಿಕ್ಕಿತು.

ತಾಯಣ್ಣ ಬಹಳ ಹೊತ್ತು ಚಿತ್ರ ನೋಡಿ, "ಅಂಗಡಿ ಕನ್ನಡಿ ನಡ್ಯಂಗಿಲ್ರಿ" ಎಂದ. "ಅದು ಎರಡು ಮುಖ ತೋರಸ್ತದ. ಮ್ಯಾಲಿನ ಗಾಜು ಒಂದು, ಹಿಂದಿನ ಬೆಳ್ಳಿ ಬಣ್ಣ ಒಂದು. ಏಳು ವರ್ಷ ಅದನ್ನ ನೋಡೀನಿ."

ವಾಹಿದಾಳಿಗೆ ಅದು ಹೊಳೆದಿರಲಿಲ್ಲ. ಕೆಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ, ಒಳಗಿನ ಹೊಳೆಯುವ ತಟ್ಟೆಯನ್ನೇ ಕನ್ನಡಿ ಮಾಡಿದವನು ತಾಯಣ್ಣ. ಪಟ್ಟಿಗಳು ನಡುಗುತ್ತಿದ್ದವು, ಯಾಕೆಂದರೆ ಲ್ಯಾಬ್ ಹಳೆಯ ಕಟ್ಟಡದ ಮಹಡಿಯ ಮೇಲೆ. ಅವನು ಚೀಕಲಪರ್ವಿಯಿಂದ ಹೊಳೆಯ ಉಸುಕು ತಂದು ಜರಡಿ ಹಿಡಿದು ಮರದ ಡಬ್ಬಿಯಲ್ಲಿ ತುಂಬಿದ, ಡಬ್ಬಿಯ ಕೆಳಗೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಇಟ್ಟ. ಕನ್ನಡಿಗಳನ್ನು ಉಸುಕಿನಲ್ಲಿ ನೆಟ್ಟ. ನಡುಕ ನಿಂತಿತು. ಅವತ್ತು ಗೋಡೆಯ ಮೇಲೆ ಬಿದ್ದ ಕೆಂಪು ಪಟ್ಟಿಗಳನ್ನು ನೋಡುತ್ತ ಇಬ್ಬರೂ ಚಹಾ ಕುಡಿಯುವುದನ್ನೇ ಮರೆತರು.

ಒಂದು ಗೇಣು ಕಬ್ಬಿಣದ ಸಲಾಕೆಯ ತುದಿಗೆ ಕನ್ನಡಿ ಅಂಟಿಸಿ, ಬಿಸಿಲೇರಿದಂತೆ ಅದು ಎಷ್ಟು ಬೆಳೆಯುತ್ತದೆ ಎಂದು ಅಳೆಯಲು ಶುರು ಮಾಡಿದರು. ಒಂದು ಡಿಗ್ರಿ ಶಾಖಕ್ಕೆ ಎಂಟು ಪಟ್ಟಿ ದಾಟಬೇಕು. ಮೊದಲ ದಿನ ಎಂಟು ಡಿಗ್ರಿ ಏರಿತ್ತು, ಅಂದರೆ ಅರವತ್ತನಾಲ್ಕು ಬರಬೇಕು. ತಾಯಣ್ಣನ ಲೆಕ್ಕಕ್ಕೆ ಬಂದದ್ದು ಇನ್ನೂರ ಹತ್ತು.

"ಕಬ್ಬಿಣಕ್ಕ ಏನು ಉಣಿಸಿದ್ಯೋ?" ಎಂದು ವಾಹಿದಾ ನಕ್ಕಳು.

ಮೂರು ದಿನ ಕಾದು ನೋಡಿ ಅವನೇ ಕಂಡುಹಿಡಿದ. ಮೇಜಿನ ಪಕ್ಕ ಯಾರಾದರೂ ಬಂದು ನಿಂತರೆ ಹಳೆಯ ನೆಲ ಕೂದಲೆಳೆಗಿಂತ ಕಡಿಮೆ ಬಾಗುತ್ತದೆ, ಮೂರು ಪಟ್ಟಿ ದಾಟುತ್ತವೆ. ಅವರು ಹೋದಮೇಲೆ ನೆಲ ಮೇಲೇಳುತ್ತದೆ, ಮೂರು ಪಟ್ಟಿ ಹಿಂದಕ್ಕೆ ದಾಟುತ್ತವೆ. ಆದರೆ ಎಣಿಸುವ ಕಣ್ಣಿಗೆ ಮುಂದೆ ಯಾವುದು ಹಿಂದೆ ಯಾವುದು ತಿಳಿಯದು. ಹೋದದ್ದನ್ನೂ ಬಂದದ್ದನ್ನೂ ಕೂಡಿಸಿಬಿಡುತ್ತದೆ. ಸಹಿ ಪುಸ್ತಕ ಹಿಡಿದು ಅಟೆಂಡರ್ ಮಾರೆಪ್ಪ ಬಂದು ಹೋದಷ್ಟು ಸಲ ಕಬ್ಬಿಣ ಬೆಳೆಯುತ್ತಿತ್ತು.

ಇಲ್ಲಿಂದ ಮುಂದಿನದ್ದು ಅವನ ನಿಜವಾದ ಕೆಲಸ. ಬೆಳಕು ಬರುವಾಗ ನಡುಗುತ್ತ ಬರುತ್ತದೆ, ಒಂದಿಷ್ಟು ನಿಂತು ನಡುಗುತ್ತದೆ, ಒಂದಿಷ್ಟು ಮಲಗಿ ನಡುಗುತ್ತದೆ ಎಂದು ವಾಹಿದಾ ಹೇಳಿಕೊಟ್ಟಿದ್ದಳು. ಹಳೆಯ ಡಿವಿಡಿ ಪೆಟ್ಟಿಗೆಯೊಳಗಿನ ಕಡಲೆಕಾಳಿನಷ್ಟು ಗಾಜಿನ ತುಂಡು ಇವೆರಡನ್ನೂ ಬೇರೆ ಮಾಡುತ್ತದೆ. ನಿಂತ ಬೆಳಕು ಒಂದು ಕನ್ನಡಿಗೆ, ಮಲಗಿದ ಬೆಳಕು ಇನ್ನೊಂದು ಕನ್ನಡಿಗೆ. ಎರಡೂ ವಾಪಸು ಬಂದಮೇಲೆ ಕೂಡಿಸಿ, ಒಡೆದ ಮಾನಿಟರಿನಿಂದ ಸುಲಿದ ಹಾಳೆಗಳ ಮೂಲಕ ಕಂಪ್ಯೂಟರಿಗೆ ಜೋಡಿಸಿದ ಎರಡು ಸೆನ್ಸರುಗಳಿಗೆ, ಅಂದರೆ ಬೆಳಕಿನ ಕಣ್ಣುಗಳಿಗೆ ಬಿಡಬೇಕು. ಒಂದು ಕಣ್ಣಿನ ಮುಂದೆ ಅಗರಬತ್ತಿ ಪೊಟ್ಟಣದ ಜಿಲೆಟಿನ್ ಹಾಳೆ ತಿರುಗಿಸಿ ಇಟ್ಟರೆ ಆ ಕಣ್ಣು ಕಾಲು ಪಟ್ಟಿ ತಡವಾಗಿ ನೋಡುತ್ತದೆ. ಸರಿಯಾದ ಹಾಳೆ ಸಿಗಲು ಅವನಿಗೆ ಎಂಟು ತಿಂಗಳು ಹಿಡಿಯಿತು. ಗೋಪಮ್ಮ ಬೈಯುತ್ತಿದ್ದಳಂತೆ, "ಬುದ್ಧನ ಮುಂದ ಹಚ್ಚಾಕ ಊದಿನಕಡ್ಡಿ ಅದಾವ, ಇಡಾಕ ಪೊಟ್ಟಣಿಲ್ಲ."

ಅದು ಏಕೆ ಬೇಕೆಂದು ಬಿ.ಎಸ್ಸಿ. ಮಕ್ಕಳಿಗೆ ಅವನು ಹೇಳುತ್ತಿದ್ದದ್ದು ಹೀಗೆ:

"ನೀ ಕಣ್ಣು ಮುಚ್ಚಿ ಮಾನ್ವಿ ರಸ್ತೆದಾಗ ನಿಂದ್ರು. ಬಸ್ಸು ಹೋದ ಸಪ್ಪಳ ಕೇಳ್ತದ. ಎಷ್ಟು ಬಸ್ಸು ಹೋದ್ವು ಅಂತ ಹೇಳ್ತಿ. ರಾಯಚೂರಿಗಿ ಹೋದ್ವೋ ಸಿಂಧನೂರಿಗಿ ಹೋದ್ವೋ ಹೇಳು ನೋಡೋಣ? ಆಗಂಗಿಲ್ಲ. ಅದಕ್ಕ ನಿನ್ನ ಗೆಳ್ಯಾನ್ನ ಇಪ್ಪತ್ತು ಹೆಜ್ಜಿ ಆಚಿ ನಿಂದ್ರಸು. ಸಪ್ಪಳ ಯಾರಿಗಿ ಮೊದ್ಲು ಕೇಳ್ತು ಅನ್ನೋದ್ರ ಮ್ಯಾಲ ಬಸ್ಸು ಯಾವ ಕಡಿಗಿ ಅಂತ ತಿಳೀತು. ಎರಡು ಕಣ್ಣು ಅಂದ್ರ ಇಷ್ಟ ನೋಡಪಾ."

ಈಗ ಬಂದವರಿಗೆ ಕೂಡಿಸು, ಹೋದವರಿಗೆ ಕಳೆ. ಮಾರೆಪ್ಪ ಬಂದರೆ ಹಳೆಯ ಕಂಪ್ಯೂಟರಿನ ಪರದೆಯಲ್ಲಿ ಗೆರೆ ಮೂರು ಪಟ್ಟಿ ಮೇಲೇರಿ, ಹೋದರೆ ಮೂರು ಪಟ್ಟಿ ಕೆಳಗಿಳಿಯುತ್ತಿತ್ತು. ಕಬ್ಬಿಣ ತನ್ನಷ್ಟಕ್ಕೆ ಬೆಳೆಯಿತು. ಮೊದಲ ಸಲ ಅರವತ್ತನಾಲ್ಕಕ್ಕೆ ಅರವತ್ತಮೂರು ಬಂದ ದಿನ ತಾಯಣ್ಣ ಲ್ಯಾಬಿನ ಕಿಟಕಿಗಳನ್ನೆಲ್ಲ ಒರೆಸಿದ.

ಇಷ್ಟಾದರೂ ಅವನು ಪುಸ್ತಕ ಬರೆಯುವುದನ್ನು ಬಿಡಲಿಲ್ಲ. ಎಣಿಕೆ ನಡೆಯುವಾಗ ಯಾರು ಬಂದರು, ಎಷ್ಟು ಹೊತ್ತಿಗೆ, ಗೆರೆ ಎಷ್ಟು ಜಿಗಿಯಿತು, ಎಲ್ಲ. ಇದನ್ನು ಕಲಿಸಿದವಳು ವಾಹಿದಾಳೇ. ಅಡಚಣೆ ಬರೆಯದವನ ಅಳತೆ ಸುಳ್ಳು ಎಂದು ಹೇಳಿದ್ದಳು. ಅವನು ಅದನ್ನು ವ್ರತದಂತೆ ಹಿಡಿದ. "10.05 ಮಾರೆಪ್ಪ +3. 10.06 −3. 12.40 ಬಸವಲಿಂಗ ಸರ್ +6. 12.52 −6." ಆಫೀಸಿನವರು ಅದಕ್ಕೆ "ತಾಯಣ್ಣನ ಚಾಡಿ ಪುಸ್ತಕ" ಎಂದು ಹೆಸರಿಟ್ಟರು. "ಪ್ರಿನ್ಸಿಪಾಲರ ತೂಕ ಎಷ್ಟಪಾ?" ಎಂದು ಕೇಳಿ ನಗುತ್ತಿದ್ದರು. ಬಸವಲಿಂಗ ಮಾತ್ರ ನಗಲಿಲ್ಲ. ಕೆಲಸದ ಹೊತ್ತಿನಲ್ಲಿ ತಾನು ಎಲ್ಲಿ ಎಷ್ಟು ನಿಮಿಷ ಹರಟಿದೆ ಎಂದು ಹೊರಗುತ್ತಿಗೆಯವನೊಬ್ಬ ಬರೆದಿಡುವುದೇ? ಪ್ರಿನ್ಸಿಪಾಲರಿಗೆ ದೂರು ಹೋಯಿತು. ಪ್ರಿನ್ಸಿಪಾಲರು ವಾಹಿದಾಳನ್ನು ಕರೆಸಿದರು.

ಆಗ ವಾಹಿದಾ ಮಾಡಿದ ತಪ್ಪನ್ನು ಯಾರೂ ಅವಳ ಮೇಲೆ ಹೊರಿಸಿಲ್ಲ. ಅವಳೇ ಹೊತ್ತುಕೊಂಡಿದ್ದಾಳೆ. ಲ್ಯಾಬಿಗೆ ಬಂದು, "ತಾಯಣ್ಣ ಭಾಯ್, ಇನ್ನ ಮ್ಯಾಲ ಹೆಸರು ಬರೀಬ್ಯಾಡ. ಬಾಗಿಲು ಅಂತಷ್ಟ ಬರಿ" ಎಂದಳು.

"ಬಾಗಿಲು ಅಷ್ಟಕ್ಕ ಆರು ಪಟ್ಟಿ ಜಿಗಿಯಂಗಿಲ್ಲಲ್ರಿ ಮೇಡಂ."

"ಗೊತ್ತದ. ಸುಮ್ನ ಯಾಕ ಜಗಳ?"

ಅವನು ಅವಳ ಮುಖ ನೋಡಿದ. ಅಂಗಡಿಯ ಮಾಲಕ ಪಟ ಕಸಿದುಕೊಂಡಾಗಲೂ ಹಾಗೇ ನೋಡುತ್ತಿದ್ದನೋ ಏನೋ. ಮರುದಿನದಿಂದ ಪುಸ್ತಕದಲ್ಲಿ ಹೆಸರುಗಳು ನಿಂತವು.

ಏಪ್ರಿಲ್ ತಿಂಗಳ ಆ ಬುಧವಾರ ಕಾಲೇಜಿನಲ್ಲಿ ಗಡಿಬಿಡಿ. ಮರುದಿನ ದರ್ಜೆ ಕೊಡುವ ತಪಾಸಣಾ ತಂಡ ಬರುವುದಿತ್ತು. ಹಾಸ್ಟೆಲ್ಲಿನ ಶೌಚಗುಂಡಿ ತುಂಬಿ ಅಂಗಳದಲ್ಲಿ ಹರಿಯುತ್ತಿತ್ತು. ಯಂತ್ರದ ಗಾಡಿ ಕರೆಸಬಹುದಿತ್ತು, ಎರಡು ದಿನ ಮೊದಲು ಹೇಳಿದ್ದರೆ. ಯಾರೂ ಹೇಳಲಿಲ್ಲ. ತಂಡಕ್ಕೆ ತೋರಿಸಲೆಂದು ತಾಯಣ್ಣ ಬೆಳಿಗ್ಗೆ ಎಂಟಕ್ಕೇ ಎಣಿಕೆ ಹಚ್ಚಿದ್ದ. ಹನ್ನೆರಡು ಗಂಟೆಯ ಹೊತ್ತಿಗೆ ಅವನು ಗುಂಡಿಯ ತಳದಲ್ಲಿದ್ದ. ಗಾಳಿಯಲ್ಲದ ಗಾಳಿ ಕುಡಿದು ಎರಡು ನಿಮಿಷವೂ ಬದುಕಿರಲಿಲ್ಲ ಎಂದರು ಡಾಕ್ಟರು. ದೇವದುರ್ಗದಿಂದ ಬಸ್ಸಿನಲ್ಲಿ ಬಂದ ವಾಹಿದಾ ನೋಡಿದ್ದು, ಆಸ್ಪತ್ರೆಯ ಹಿಂದೆ, ನಲ್ಲಿಯ ಕೆಳಗೆ ಅವನ ಮೈ ತೊಳೆಯುತ್ತಿದ್ದ ಗೋಪಮ್ಮನನ್ನು. ಕೈಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಗಾಜಿನ ಕೆಲಸದವನ ಬೆರಳು, ಹೊಲಸು ಉಳಿಯಬಾರದು ಎಂಬಂತೆ.

ಸಹಿಯ ಕಾಗದ ಬಂದ ದಿನ ಬಸವಲಿಂಗ ಹೋದಮೇಲೆ ವಾಹಿದಾ ಲ್ಯಾಬಿನ ಬಾಗಿಲು ಹಾಕಿಕೊಂಡು ಪುಸ್ತಕ ತೆಗೆದಳು. ಬುಧವಾರದ ಹಾಳೆಯ ಕೊನೆಯ ಸಾಲುಗಳು:

"11.20 ಬಾಗಿಲು +6. 11.24 −6. ಎಣಿಕೆ ನಿಲ್ಲಿಸಿದೆ, 41. ಹಾಸ್ಟೆಲ್ ಗುಂಡಿ. ಬಂದು ಮುಂದುವರಿಸುವುದು."

ಕಂಪ್ಯೂಟರ್ ತೆರೆದಳು. ಗೆರೆ ಹನ್ನೊಂದೂ ಇಪ್ಪತ್ತಕ್ಕೆ ಮೆಟ್ಟಿಲಿನಂತೆ ಆರು ಪಟ್ಟಿ ಏರಿತ್ತು. ನಾಲ್ಕು ನಿಮಿಷ ಮೇಲೇ ಇತ್ತು. ಆಮೇಲೆ ಇಳಿದಿತ್ತು. ಯಾರೋ ಭಾರದವನು ಬಂದು, ನಿಂತು, ಮಾತಾಡಿ ಹೋಗಿದ್ದಾನೆ. ಅವನು ಹೋದಮೇಲೆ, ಮೂರೂವರೆ ಗಂಟೆ ಕಾದು ಎಣಿಸಿದ್ದನ್ನು ತಾಯಣ್ಣ ಅರ್ಧಕ್ಕೆ ನಿಲ್ಲಿಸಿದ್ದಾನೆ. ಹೆಸರಿಲ್ಲ. ಹೆಸರು ಇರಬಾರದೆಂದು ಹೇಳಿದವಳು ತಾನೇ. ವಾಹಿದಾ ಆ ಪುಸ್ತಕವನ್ನು ಎತ್ತಿ ಗೋಡೆಗೆ ಎಸೆಯಬೇಕೆಂದುಕೊಂಡಳು. ಎಸೆಯಲಿಲ್ಲ, ನಕಲು ತೆಗೆಸಿದಳು.

ಭಾನುವಾರ ಗೋಪಮ್ಮನ ಮನೆಗೆ ಹೋದಳು. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಕೂಲಿ ಮಾಡುವ ಗೋಪಮ್ಮ ಗಂಡ ಸತ್ತ ಐದನೆಯ ದಿನ ಮನೆಯ ಗೋಡೆಗೆ ಒರಗಿ ಕೂತಿದ್ದಳು. ಡಿಗ್ರಿ ಓದುವ ಮಗಳು ವಿಶಾಖಾ ಆಯಾ ಕೆಲಸದ ಕಾಗದವನ್ನು ಓದಿ ಹೇಳುತ್ತಿದ್ದಳು.

"ನಾಳಿ ನಾ ಆ ಪುಸ್ತಕ ಇಡ್ತೀನಿ," ಎಂದಳು ವಾಹಿದಾ. "ಇಟ್ರ ನಿಮಗ ಈ ಕೆಲ್ಸ ಸಿಗಂಗಿಲ್ಲ. ಅದಕ್ಕ ಕೇಳಾಕ ಬಂದೆ."

"ನಿಮ್ಮ ಕೆಲ್ಸ ಉಳೀತದೇನು ಅಕ್ಕಾ?"

"ಗೊತ್ತಿಲ್ಲ."

ಗೋಪಮ್ಮ ಮಗಳ ಕೈಯಿಂದ ಕಾಗದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಮಂಚದ ಕಾಲಿನ ಕೆಳಗೆ ತುರುಕಿದಳು. "ಅವರ ಹೇಲು ಬಳಿಯಾಕ ಒಂದ ಮನ್ಯಾಗ ಎಷ್ಟ್ ಮಂದಿ ಬೇಕಂತ? ಅವ ತಾನಾಗಿ ಇಳದಾನ ಅಂತ ಬರದ್ರ ನಾಳಿ ಮಂದಿ ಏನಂತಾರ? 'ಅವರ ಜಾತಿ ಕಸುಬು, ಇಳದ' ಅಂತಾರ. ನೀವ್ ಇಡ್ರಿ."

ಸೋಮವಾರ ಜಿಲ್ಲಾಡಳಿತ ಕಳಿಸಿದ ವಿಚಾರಣಾಧಿಕಾರಿ ವಿಜಯಲಕ್ಷ್ಮಿ ಬಂದರು. ಐವತ್ತರ ಹೆಂಗಸು, ಸೂಕ್ಷ್ಮ ಮುಖ, ಕೈಯಲ್ಲಿ ನೀರಿನ ಬಾಟಲಿ. ಪ್ರಿನ್ಸಿಪಾಲರ ಕೋಣೆಯಲ್ಲಿ ಕಾಲೇಜಿನ ಕಾಗದ ಓದಿದರು, ವಾಹಿದಾ ಮುಂದಿಟ್ಟ ತಾಯಣ್ಣನ ಪುಸ್ತಕ ಓದಿದರು.

"ಬಾಗಿಲು ಅಂತ ಅದ ಅಷ್ಟ," ಎಂದ ಬಸವಲಿಂಗ. "ಗಾಳಿಗೂ ಬಾಗಿಲು ತೆಗೀತದ್ರಿ ಮೇಡಂ."

"ಗಾಳಿ ನಾಲ್ಕು ನಿಮಿಷ ನಿಂತು ಮಾತಾಡಂಗಿಲ್ಲ," ಎಂದಳು ವಾಹಿದಾ. "ಇದು ಹೆಸರು ಹೇಳಂಗಿಲ್ರಿ, ಸುಳ್ಳ್ಯಾಕ ಹೇಳ್ಲಿ. ಯಾರೋ ಬಂದ್ರು, ಎಷ್ಟು ಭಾರದವ್ರು, ಎಷ್ಟು ಹೊತ್ತು ನಿಂತ್ರು, ಇಷ್ಟ ಹೇಳ್ತದ. ಯಾರೂ ಹೇಳಿಲ್ಲ, ತಾನಾಗಿಯೇ ಇಳದಾನ ಅಂತ ಅವರ ಕಾಗದ ಹೇಳಾಕತ್ತದ."

"ಮೂರು ಪಟ್ಟಿಯವರು ಇಬ್ರು ಬಂದಿರಬಹುದಲ್ಲ?" ಎಂದು ವಿಜಯಲಕ್ಷ್ಮಿ ಕೇಳಿದರು.

"ಇರಬಹುದ್ರಿ. ಆದ್ರೂ ಯಾರೋ ಬಂದಂಗ ಆತಲ್ರಿ."

ಅಧಿಕಾರಿ ಎದ್ದರು. "ಆ ಯಂತ್ರ ನೋಡೋಣ ನಡ್ರಿ."

ಲ್ಯಾಬಿನಲ್ಲಿ ಮೇಜಿನ ಪಕ್ಕ ನಿಲ್ಲಲು ಒಂದೇ ಜಾಗ, ಕಪಾಟಿಗೂ ಉಸುಕಿನ ಡಬ್ಬಿಗೂ ನಡುವೆ. ಬಂದವರೆಲ್ಲ ಅಲ್ಲೇ ನಿಲ್ಲಬೇಕು. ವಾಹಿದಾ ಲೇಸರ್ ಹಚ್ಚಿದಳು. ತಾಯಣ್ಣ ಇಲ್ಲದೆ ಅದನ್ನು ಮೊದಲ ಸಲ ಹಚ್ಚುತ್ತಿದ್ದಳು, ಕನ್ನಡಿ ಹೊಂದಿಸಲು ಅರ್ಧ ಗಂಟೆ ಬೇಕಾಯಿತು. ವಿಜಯಲಕ್ಷ್ಮಿ ನಿಂತರು, ಮೂರು. ಮಾರೆಪ್ಪನನ್ನು ನಿಲ್ಲಿಸಿದರು, ಮೂರು. ಪ್ರಿನ್ಸಿಪಾಲರು ತಾವಾಗಿಯೇ ಮುಂದೆ ಬಂದು ನಿಂತರು, ನಾಲ್ಕು. ಅಧಿಕಾರಿ ಪ್ರತಿ ಸಲ ಪರದೆ ನೋಡಿ ಬರೆದುಕೊಂಡರು.

"ಬಸವಲಿಂಗ ಅವರ, ನೀವೂ ಒಮ್ಮೆ ಬರ್ರಿ. ಆರು ಬರಲಿಲ್ಲಂದ್ರ ನಿಮಗ ಒಳ್ಳೇದು."

ಬಸವಲಿಂಗ ಹೊಸ್ತಿಲಿನ ಆಚೆ ನಿಂತಿದ್ದ. ಇಷ್ಟು ವರ್ಷದಲ್ಲಿ ನೂರಾರು ಸಲ ದಾಟಿದ ಹೊಸ್ತಿಲು. ಕಾಲು ಎತ್ತಲಿಲ್ಲ.

"ನನಗ ಶುಗರ್ ಅದ್ರಿ. ಲೇಸರ್ ಕಣ್ಣಿಗಿ ಬಡದ್ರ ತ್ರಾಸ."

"ಕಣ್ಣು ಮುಚ್ಕೊಂಡು ನಿಂದ್ರ್ರಿ."

ಬಸವಲಿಂಗ ಹಣೆ ಒರೆಸಿಕೊಂಡ. ಆಮೇಲೆ, ಜೀವನವಿಡೀ ಮಾಡಿಕೊಂಡು ಬಂದದ್ದನ್ನೇ ಮಾಡಿದ. ಒಳಗೆ ನಿಂತಿದ್ದ ಮಾರೆಪ್ಪನ ಕಡೆ ತಿರುಗಿ, "ಲೇ ಮಾರ್ಯಾ, ನನ್ನ ಬದ್ಲಿ ನೀ ಹೋಗಿ ನಿಂದ್ರು. ಆ ಹಾಜರಿ ಪುಸ್ತಕದ ಗಂಟು ಹೊತ್ಕೋ, ನನ್ನಷ್ಟ ಭಾರ ಆಗ್ತದ" ಎಂದ. ತಮಾಷೆ ಮಾಡಿದೆನೆಂಬಂತೆ ಪ್ರಿನ್ಸಿಪಾಲರ ಕಡೆ ನೋಡಿ ನಕ್ಕ.

ಮಾರೆಪ್ಪ ಅಲುಗಲಿಲ್ಲ. ಐದು ದಿನದಿಂದ ವಾಹಿದಾ ಕೇಳಿದಾಗಲೆಲ್ಲ "ನನಗೇನೂ ಗೊತ್ತಿಲ್ರಿ" ಎನ್ನುತ್ತಿದ್ದ ಮಾರೆಪ್ಪ. ಅವನೂ ಅದೇ ಏಜೆನ್ಸಿಯವನು, ಅವನೂ "ಇತರೆ".

"ನಾ ಹೋಗಂಗಿಲ್ರಿ," ಎಂದ.

"ಏನಂದಿ ಲೇ?"

"ನಿಮ್ಮ ಬದ್ಲಿ ಹೋದಾವ ಒಬ್ಬ ಮಣ್ಣಾಗ ಮಲಗ್ಯಾನ. ಇದಕ್ಕಾದ್ರೂ ನೀವ ಹೋಗ್ರಿ ಸಾಹೇಬ್ರ."

ಮಾರೆಪ್ಪ ಅಧಿಕಾರಿಯ ಕಡೆ ತಿರುಗಿದ.

"ನಾ ಅವತ್ತ ಇಲ್ಲೇ, ಬಾಗಿಲ ಹೊರಗ ನಿಂತಿದ್ನೆವ್ವಾ. ಸಾಹೇಬ್ರು ಒಳಗ ಹೋಗಿ, 'ತಾಯ್ಯಾ, ಗುಂಡಿ ಕಟ್ಟ್ಯಾದ, ಇಳದು ನೋಡು, ನಿಮ್ಮ ಮಂದಿಗಿ ರೂಢಿ ಇರ್ತದ, ಐದು ನಿಮಿಷದ ಕೆಲ್ಸ' ಅಂದ್ರು. ಅವ ಆಗಂಗಿಲ್ಲ ಅಂದ. ಎಣಿಕಿ ನಡದದ ಅಂದ, ಕೈ ಮುಗದ. ಅದಕ್ಕ ಇವ್ರು, 'ನಾಳಿ ತಂಡ ಬಂದಾಗ ಗುಂಡಿ ನಾತ ಬಂತಂದ್ರ ನಿನ್ನ ಉಸುಕಿನ ಡಬ್ಬಿ, ಕನ್ನಡಿ, ಎಲ್ಲಾ ಸಂಜಿ ಒಳಗ ಗುಜರಿಗಿ ಹಾಕಸ್ತೀನಿ' ಅಂದ್ರು. ಆಮ್ಯಾಲ ಅವ ಸುಮ್ನಾದ. ಸಾಹೇಬ್ರು ಹೊರಗ ಬಂದ್ರು. ಅವ ಏನೋ ಬರದಿಟ್ಟು, ಡಬ್ಬಿ ಮ್ಯಾಲ ಅರಿವಿ ಮುಚ್ಚಿ, ಹಿಂದ ಹೋದ."

"ಸುಳ್ಳ್ ಮಗನ!" ಎಂದು ಬಸವಲಿಂಗ ಕೈಯೆತ್ತಿದ. ಹೊಡೆಯಲು ಮುಂದೆ ಬರಬೇಕೆಂದರೆ ಹೊಸ್ತಿಲು ದಾಟಬೇಕಿತ್ತು. ಎತ್ತಿದ ಕೈಯಲ್ಲೇ ನಿಂತ.

ವಿಜಯಲಕ್ಷ್ಮಿ ಪೆನ್ನಿನ ಮುಚ್ಚಳ ತೆಗೆದರು. "ಪೂರ್ಣ ಹೆಸರು ಹೇಳ್ರಿ ಮಾರೆಪ್ಪ ಅವರ. ತಂದಿ ಹೆಸರೂ."

ಒಂದು ಹಾಳೆ, ಎರಡು ಹಾಳೆ, ಹೇಳಿಕೆ ಬರೆದಾಯಿತು. ಕಾಲೇಜಿನ ಕಾಗದದ ಮೇಲೆ "ತಾನಾಗಿಯೇ" ಎಂಬ ಶಬ್ದವನ್ನು ಅವರು ಕೆಂಪು ಶಾಯಿಯಿಂದ ಸುತ್ತಿ, ಅಂಚಿನಲ್ಲಿ "ಒಪ್ಪತಕ್ಕದ್ದಲ್ಲ" ಎಂದು ಬರೆದು ಸಹಿ ಹಾಕಿದರು.

ಇಷ್ಟಕ್ಕೆ ನ್ಯಾಯ ಸಿಕ್ಕಿತೆಂದು ಯಾರಾದರೂ ತಿಳಿದರೆ ಅವರಿಗೆ ಈ ಊರು ಗೊತ್ತಿಲ್ಲ. ಪೊಲೀಸರು ಪ್ರಕರಣ ದಾಖಲಿಸಿದರು, ಬಸವಲಿಂಗ ಹನ್ನೆರಡನೆಯ ದಿನ ಜಾಮೀನಿನ ಮೇಲೆ ಹೊರಬಂದ. ಮುಂದಿನ ತಿಂಗಳು ಮಾರೆಪ್ಪನ ಗುತ್ತಿಗೆ ನವೀಕರಣವಾಗಲಿಲ್ಲ. ಅವನು ಈಗ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತಾನೆ. ಈ ಸಾವಿನಿಂದಾಗಿ ಭೇಟಿ ಮುಂದೂಡಿದ್ದ ತಪಾಸಣಾ ತಂಡ ಜೂನ್‌ನಲ್ಲಿ ಬಂತು. ಲ್ಯಾಬಿನ ಗೋಡೆಗೆ ಬಣ್ಣ ಬಳಿದು, ಉಸುಕಿನ ಡಬ್ಬಿಯ ಮುಂದೆ "ನಮ್ಮ ಸಂಸ್ಥೆಯ ಸಂಶೋಧನೆ" ಎಂದು ಫಲಕ ಇಟ್ಟಿದ್ದರು. ತಂಡದವರು ಅದರ ಫೋಟೋ ತೆಗೆದುಕೊಂಡು, ಕಾಲೇಜಿಗೆ ಮೇಲಿನ ದರ್ಜೆ ಕೊಟ್ಟು ಹೋದರು. ಫಲಕದಲ್ಲಿ ಅಧ್ಯಕ್ಷರ ಹೆಸರಿತ್ತು, ಪ್ರಿನ್ಸಿಪಾಲರ ಹೆಸರಿತ್ತು, ವಾಹಿದಾಳ ಹೆಸರೂ ಇತ್ತು. ತಂಡ ಹೋದ ಮೇಲೆ ವಾಹಿದಾ ಫಲಕವನ್ನು ಕಿತ್ತು ಎರಡು ತುಂಡು ಮಾಡಿ ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟಳು. ಅದಕ್ಕೆ ಅವಳಿಗೆ ಕಾರಣ ಕೇಳುವ ನೋಟಿಸು ಬಂದಿದೆ. ಉತ್ತರ ಬರೆದಿಲ್ಲ.

ಮಾರೆಪ್ಪನ ಹೇಳಿಕೆಯ ನಕಲು ಕೈಗೆ ಸಿಕ್ಕ ದಿನ ಅವಳು ಅದನ್ನು ಗೋಪಮ್ಮನ ಮನೆಯಲ್ಲಿ ಓದಿದಳು. ಕನ್ನಡಿ ಗುಜರಿಗೆ ಹಾಕಿಸುತ್ತೇನೆ ಎಂದ ಸಾಲು ಬಂದಾಗ ಗೋಪಮ್ಮ ಕೈ ಎತ್ತಿ ನಿಲ್ಲಿಸಿದಳು.

"ಇನ್ನೊಮ್ಮಿ ಓದ್ರಿ."

ವಾಹಿದಾ ಓದಿದಳು.

"ಕನ್ನಡಿ ಉಳಸಾಕ ಹೋದ?" ಗೋಪಮ್ಮನ ದನಿ ಏರಿತು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. "ಎಲಾ ಹುಚ್ಚ ಸೂಳೆಮಗನ, ಗುಜರಿ ಅಂಗಡ್ಯಾಗಿಂದನ ತಂದಿದ್ಯಲ್ಲೋ ಅವನ್ನ! ಮತ್ತ ತರಬಹುದಿತ್ತಲ್ಲೋ! ನಿನ್ನ ಎಲ್ಲಿಂದ ತರ್ಲಿ?"

ವಿಶಾಖಾ ಅವ್ವನ ಬೆನ್ನಿನ ಮೇಲೆ ಕೈಯಿಟ್ಟಳು. ಗೋಪಮ್ಮ ಕೈ ಕೊಡವಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಕೋರ್ಟಿನ ತಾರೀಖು ಯಾವತ್ತು?" ಎಂದು ಕೇಳಿದಳು.

"ಬರೋ ಹನ್ನೊಂದಕ್ಕ."

"ಕಾರ್ಖಾನೆಗಿ ರಜಾ ಹೇಳ್ತೀನಿ. ಮಾರೆಪ್ಪಗೂ ಹೇಳ್ರಿ, ಮುಂಜಾನೆ ಇಲ್ಲೇ ಊಟ ಮಾಡ್ಕೊಂಡು ಹೋಗೂಣು. ಆ ದಪ್ಪಂದು ಮಾರಿ ನಾ ನೋಡಬೇಕು."